ಇಪ್ಪತ್ತಮೂರು ಜೊತೆಗಾತಿಯರ ಮಾರ್ಲೂಸ್

ಮಾರ್ಲೂಸ್ ಹೂಕ್ಸ್ಟ್ರಾ ಹದಿನಾರು ವರ್ಷ ಟೆನಿಸ್ ಆಡಿ ಹೊಟ್ಟೆ ಹೊರೆದಳು. ಅಷ್ಟೂ ವರ್ಷದಲ್ಲಿ ಒಬ್ಬಳೇ ಆಡಿ ಒಂದೂ ದೊಡ್ಡ ಪಂದ್ಯ ಗೆದ್ದವಳಲ್ಲ. ಅವಳದು ಡಬಲ್ಸ್, ಅಂದರೆ ಅಂಗಳದ ಅರ್ಧಕ್ಕೆ ಮಾತ್ರ ಒಡತಿ. ಆದರೆ ಅವಳ ಮಾತು ಕೇಳಿದರೆ ಇನ್ನರ್ಧದಲ್ಲಿ ಯಾರೂ ಇರಲೇ ಇಲ್ಲವೇನೋ ಅನ್ನಿಸಬೇಕು. ಗೆದ್ದರೆ ಮಾರ್ಲೂಸ್ ಗೆದ್ದಳು, ಸೋತರೆ ಜೊತೆಗಾತಿ ಸೋತಳು. ಹೀಗೆ ಗೆದ್ದು ಸೋತು ಇಪ್ಪತ್ತಮೂರು ಜೊತೆಗಾತಿಯರನ್ನು ಮುಗಿಸಿದಳು.

ಆಟಗಾರರ ರ‍್ಯಾಂಕಿಂಗ್ ಪಟ್ಟಿ ಹೊರಬೀಳುವುದು ಸೋಮವಾರ. ಡಬಲ್ಸ್‌ನಲ್ಲಿ ಇಬ್ಬರ ಸ್ಥಾನಗಳನ್ನೂ ಕೂಡಿಸಿ ನೋಡಿ ಟೂರ್ನಿಗೆ ಸೇರಿಸಿಕೊಳ್ಳುತ್ತಾರೆ. ಜೊತೆಗಾತಿ ಪಟ್ಟಿಯಲ್ಲಿ ಕೆಳಗಿಳಿದರೆ ತಾನೂ ಹೊರಗೆ. ಹಾಗಾಗಿ ಸೋಮವಾರ ಬಂತೆಂದರೆ ಮಾರ್ಲೂಸ್ ಹಲ್ಲುಜ್ಜುವ ಮೊದಲು ಪಟ್ಟಿ ನೋಡುತ್ತಿದ್ದಳು, ಹಲ್ಲುಜ್ಜಿದ ಮೇಲೆ ಯಾರನ್ನಾದರೂ ಬಿಡುತ್ತಿದ್ದಳು. ಆದರೆ ಪಟ್ಟಿಗಾಗಿ ಬಿಟ್ಟೆ ಎಂದು ಒಮ್ಮೆಯೂ ಒಪ್ಪಿಕೊಂಡವಳಲ್ಲ. ಸ್ಲೊವಾಕಿಯಾದವಳು ಸೂಪು ಕುಡಿಯುವಾಗ ಸದ್ದು ಮಾಡುತ್ತಿದ್ದಳು, ತೈವಾನಿನವಳು ಸೋತಾಗಲೂ ನಗುತ್ತಿದ್ದಳು, ಬೆಲ್ಜಿಯಂನವಳು ಬಾಯಿ ಬಿಟ್ಟರೆ ಅಣ್ಣನ ಹೊಸ ಮನೆಯ ವಿಷಯ. ರುಮೇನಿಯಾದ ಹುಡುಗಿಯೊಬ್ಬಳು ವಿಮಾನ ನಿಲ್ದಾಣದಲ್ಲೇ ಕೂತು ಅತ್ತಾಗ, ಅಳುವುದರಿಂದ ಸರ್ವ್ ಸುಧಾರಿಸುವುದಿಲ್ಲ ಎಂದು ಬುದ್ಧಿ ಹೇಳಿ ವಿಮಾನ ಹತ್ತಿದ್ದಳು.

ತಾನು ನೇರ ನುಡಿಯವಳೆಂದು ಅವಳಿಗೆ ಬಹಳ ಹೆಮ್ಮೆ. ಅವಳು ಹುಟ್ಟಿದ ದೇಶದಲ್ಲಿ ಈ ಕಾಯಿಲೆ ಅವಳೊಬ್ಬಳದೇ ಅಲ್ಲ ಬಿಡಿ. ಗೆಳತಿ ಹೊಸದಾಗಿ ಹಾಕಿಸಿದ ಪರದೆ ನೋಡಿ, ನನಗಿದು ಒಂಚೂರೂ ಹಿಡಿಸಲಿಲ್ಲ ಎಂದು ಮುಖದ ಮೇಲೆ ಹೇಳಿ, ಅವಳೇ ಕೊಟ್ಟ ಕಾಫಿ ಕುಡಿದು, ಜೊತೆಗಿಟ್ಟ ಒಂದೇ ಒಂದು ಬಿಸ್ಕತ್ತು ತಿಂದು ಎದ್ದು ಬರುವವರು ಅಲ್ಲಿ ಬೀದಿಗೆ ಹತ್ತು ಮಂದಿ. ಅದಕ್ಕೆ ಪ್ರಾಮಾಣಿಕತೆ ಎಂದು ಹೆಸರಿಟ್ಟುಕೊಂಡು ಬೆನ್ನು ತಟ್ಟಿಕೊಳ್ಳುತ್ತಾರೆ. ಮಾರ್ಲೂಸ್ ಇಂಥವರ ನಡುವೆ ಮೆಪ್ಪೆಲ್ ಎಂಬ ಊರಿನಲ್ಲಿ ಹುಟ್ಟಿ, ಆ ಪ್ರಾಮಾಣಿಕತೆಯನ್ನು ಊರೂರಿಗೆ ಹಂಚುತ್ತಾ ಹೋದವಳು.

ಮೊದಲನೆಯ ಜೊತೆಗಾತಿ ಯಾಂಟಿನ್ ಓಸ್ಟಿಂಗ್ ಇದೇ ಊರಿನವಳು. ಒಂಬತ್ತನೆಯ ವಯಸ್ಸಿನಿಂದ ಇಬ್ಬರೂ ಊರ ಕ್ಲಬ್ಬಿನ ಕೆಂಪು ಮಣ್ಣಿನಲ್ಲಿ ಒಟ್ಟಿಗೆ ಆಡಿದರು. ಆಟ ಮುಗಿದ ಮೇಲೆ ಮಣ್ಣಿನ ಮೇಲೆ ಅಗಲದ ಬಲೆಯೊಂದನ್ನು ಎಳೆದು ಅಂಗಳ ಸಮ ಮಾಡುವುದು ಅಲ್ಲಿ ಎಲ್ಲರಿಗೂ ಕಡ್ಡಾಯ. ಬಲೆ ಎಳೆದದ್ದು ಯಾವಾಗಲೂ ಯಾಂಟಿನ್, ಮಾರ್ಲೂಸ್‌ಗೆ ಅಷ್ಟರಲ್ಲಿ ಶೂಗೆ ಮೆತ್ತಿದ ಮಣ್ಣು ಕೊಡವುವ ಕೆಲಸ ಬರುತ್ತಿತ್ತು. ಇಬ್ಬರೂ ಜಾಗ ಬದಲಿಸದೆ, ಮಾತಾಡದೆ, ಒಬ್ಬರ ಚೆಂಡಿಗೆ ಇನ್ನೊಬ್ಬರು ಕೈ ಹಾಕದೆ ಆಡುವುದನ್ನು ನೋಡಲು ಪಕ್ಕದ ಊರಿನಿಂದಲೂ ಜನ ಸೈಕಲ್ಲಿನಲ್ಲಿ ಬರುತ್ತಿದ್ದರು. ಇಪ್ಪತ್ತಮೂರನೆಯ ವಯಸ್ಸಿಗೆ ಅವರು ಪ್ಯಾರಿಸ್‌ನಲ್ಲಿ ಸೆಮಿಫೈನಲ್ ಆಡಿದರು. ಮಾರ್ಲೂಸ್ ಮುಂದೆ ಯಾರ ಜೊತೆಯೂ ಅಷ್ಟು ಎತ್ತರಕ್ಕೆ ಹೋಗಲಿಲ್ಲ. ಅದನ್ನು ಅವಳೆದುರು ಹೇಳುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ.

ಪ್ಯಾರಿಸ್‌ನಿಂದ ಬಂದ ಮರುವಾರ ಯಾಂಟಿನ್‌ಳ ಅಮ್ಮನ ಹುಟ್ಟುಹಬ್ಬ. ನಡುಮನೆಯಲ್ಲಿ ವೃತ್ತಾಕಾರದಲ್ಲಿ ಕುರ್ಚಿ ಹಾಕಿದ್ದರು. ಮಾರ್ಲೂಸ್ ಪದ್ಧತಿಯಂತೆ ಅಮ್ಮನ ಕೈ ಕುಲುಕಿ ಅಭಿನಂದಿಸಿದಳು, ಅಪ್ಪನಿಗೆ ಹೆಂಡತಿಯ ಹುಟ್ಟುಹಬ್ಬಕ್ಕೆಂದು ಅಭಿನಂದಿಸಿದಳು, ಯಾಂಟಿನ್‌ಗೆ ಅಮ್ಮನ ಹುಟ್ಟುಹಬ್ಬಕ್ಕೆಂದು ಅಭಿನಂದಿಸಿದಳು. ಆಮೇಲೆ ಪಕ್ಕದ ಕುರ್ಚಿಯಲ್ಲಿ ಕೂತು, ತಟ್ಟೆಯಲ್ಲಿದ್ದ ಸೇಬಿನ ಕೇಕಿಗೆ ಚಮಚ ಹಾಕುತ್ತಾ ಹೇಳಿದಳು.

"ನಿನ್ನ ಸೆಕೆಂಡ್ ಸರ್ವ್ ನನಗೆ ಸಾಲಲ್ಲ ಕಣೇ. ಮುಂದಿನ ತಿಂಗಳಿಂದ ನಾನು ಬೇರೆಯವಳ ಜೊತೆ ಆಡ್ತೀನಿ. ನೇರವಾಗಿ ಹೇಳಿಬಿಡ್ತಿದೀನಿ, ನಿನಗೂ ಒಳ್ಳೇದು."

ಹದಿನಾಲ್ಕು ಜನ ಬಂಧುಗಳು ಕೇಕು ಬಾಯಲ್ಲಿಟ್ಟುಕೊಂಡು ಕೇಳಿದರು. ಯಾಂಟಿನ್ ತಟ್ಟೆ ಕೆಳಗಿಟ್ಟಳು. ಎದ್ದು ಹೋಗಿ ಎಲ್ಲರಿಗೂ ಎರಡನೆಯ ಸುತ್ತಿನ ಕಾಫಿ ತಂದಳು. ಮಾರ್ಲೂಸ್‌ಗೂ ಕೊಟ್ಟಳು. ಅದನ್ನು ನೋಡಿ, ಎಷ್ಟು ಸಲೀಸಾಗಿ ಮುಗಿಯಿತು ಎಂದು ಮಾರ್ಲೂಸ್ ಸಮಾಧಾನಪಟ್ಟುಕೊಂಡಳು. ಹೃದಯವಿರಬೇಕಾದ ಜಾಗದಲ್ಲಿ ಅವಳಿಗೆ ದೇವರು ಇನ್ನೊಂದು ಮೊಣಕೈ ಇಟ್ಟಿರಬೇಕು.

ಯಾಂಟಿನ್ ಆಮೇಲೆ ಊರಲ್ಲೇ ಉಳಿದು ಮಕ್ಕಳಿಗೆ ಆಟ ಕಲಿಸುವ ಕೆಲಸ ಹಿಡಿದಳು. ಮಾರ್ಲೂಸ್ ವರ್ಷಕ್ಕೆರಡು ಸಲ ಊರಿಗೆ ಬರುತ್ತಿದ್ದಳು. ಕ್ಲಬ್ಬಿನವರು ಅವಳ ದೊಡ್ಡ ಫೋಟೋವನ್ನು ಕ್ಯಾಂಟೀನಿನ ಗೋಡೆಗೆ ಹಾಕಿ ಹಲ್ಲುಗಿಂಜಿದರು. ಯಾವ ಸದಸ್ಯರಾದರೂ ಸರದಿಯಂತೆ ಕ್ಯಾಂಟೀನಿನ ಕೌಂಟರಿನಲ್ಲಿ ನಿಂತು ಕಾಫಿ ಕೊಡಬೇಕು, ಮಾಂಸದುಂಡೆ ಕರಿಯಬೇಕು. ಊರಿನ ಡಾಕ್ಟರಿಗೂ ವಿನಾಯಿತಿ ಇಲ್ಲ. ಮಾರ್ಲೂಸ್‌ಗೆ ಮಾತ್ರ ಕೊಟ್ಟರು.

ಮೂವತ್ತೇಳನೆಯ ವಯಸ್ಸಿಗೆ ಭುಜ ಕೈಕೊಟ್ಟಿತು. ಆಪರೇಷನ್ ಆಗಿ ಹತ್ತು ತಿಂಗಳು ಮನೆಯಲ್ಲಿ ಕೂತಳು. ಜೂನ್ ಮುಗಿಯುವುದರೊಳಗೆ ಒಂದಾದರೂ ದೊಡ್ಡ ಪಂದ್ಯ ಆಡದಿದ್ದರೆ ಪಟ್ಟಿಯಿಂದ ಹೆಸರೇ ಬಿದ್ದುಹೋಗುತ್ತಿತ್ತು. ಇಪ್ಪತ್ತಮೂರು ಜನರಲ್ಲಿ ಇನ್ನೂ ಆಡುತ್ತಿದ್ದ ಹನ್ನೊಂದು ಮಂದಿಗೆ ಸಂದೇಶ ಕಳಿಸಿದಳು. ಒಂಬತ್ತು ಮಂದಿ ಕ್ಯಾರೇ ಅನ್ನಲಿಲ್ಲ. ಒಬ್ಬಳು ಒಳ್ಳೆಯದಾಗಲಿ ಎಂದು ಬರೆದಳು. ರುಮೇನಿಯಾದವಳು, ಅಳುವುದರಿಂದ ಭುಜ ಸುಧಾರಿಸುವುದಿಲ್ಲ ಎಂದು ಬರೆದಳು.

ಕೊನೆಗೆ ದಕ್ಷಿಣದ ಕಡೆಯ ಹುಲ್ಲಂಗಳದ ಟೂರ್ನಿಯವರು ವೈಲ್ಡ್ ಕಾರ್ಡ್, ಅಂದರೆ ರ‍್ಯಾಂಕಿಂಗ್ ನೋಡದೆ ನೇರ ಪ್ರವೇಶ, ಕೊಡಲು ಒಪ್ಪಿದರು, ಅದೂ ಒಂದು ಷರತ್ತಿನ ಮೇಲೆ. ಪ್ಯಾರಿಸ್‌ನಲ್ಲಿ ಆಡಿದ ಹಳೆಯ ಜೋಡಿಯೇ ಬರಬೇಕು, ಜನ ಅದನ್ನು ನೋಡಲು ಬರುತ್ತಾರೆ. ಗುರುವಾರ ಬೆಳಿಗ್ಗೆ ಹನ್ನೊಂದರೊಳಗೆ ಇಬ್ಬರೂ ಖುದ್ದಾಗಿ ಬಂದು ಸಹಿ ಹಾಕಬೇಕು.

ಮಾರ್ಲೂಸ್ ಭಾನುವಾರ ಕ್ಲಬ್ಬಿಗೆ ಹೋದಳು. ಕ್ಷಮೆ ಕೇಳುವ ಯೋಚನೆ ಅವಳ ತಲೆಗೆ ಹೊಳೆಯಲಿಲ್ಲ. ಯಾಂಟಿನ್‌ಗೆ ದೊಡ್ಡ ಅವಕಾಶವೊಂದನ್ನು ಕೊಡಲು ಹೋಗುತ್ತಿದ್ದೇನೆ ಎಂದೇ ಅವಳು ನಂಬಿದ್ದಳು. ಯಾಂಟಿನ್ ಎಲ್ಲ ಕೇಳಿಸಿಕೊಂಡು ಚೀಲದಿಂದ ಡೈರಿ ತೆಗೆದಳು. ಆ ದೇಶದಲ್ಲಿ ಡೈರಿ ನೋಡದೆ ಯಾರೂ ಸಾಯುವುದೂ ಇಲ್ಲ.

"ಆಡೋಕೆ ನಂದೇನೂ ತಕರಾರಿಲ್ಲ," ಎಂದಳು ಯಾಂಟಿನ್. "ಆದ್ರೆ ಗುರುವಾರ ಬೆಳಿಗ್ಗೆ ಆಗಲ್ಲ. ಕೌಂಟರ್ ಡ್ಯೂಟಿ ಇದೆ."

"ಕಾಫಿ ಕೊಡೋ ಕೆಲಸಕ್ಕೆ ಇದನ್ನ ಬಿಡ್ತೀಯಾ?"

"ಸರದಿ ಪಟ್ಟಿ ಹಾಕಿದ್ದು ಮಾರ್ಚ್‌ನಲ್ಲಿ ಕಣೇ. ಯಾರಾದ್ರೂ ಬದಲು ನಿಲ್ತೀನಿ ಅಂದ್ರೆ ಬರ್ತೀನಿ. ನೀನೇ ಕೇಳಿ ನೋಡು."

ಅವಳು ನಿಯಮಕ್ಕೆ ಕಟ್ಟುಬಿದ್ದು ಹೇಳಿದಳೋ ಸೇಡಿಗೆ ಹೇಳಿದಳೋ ಎಂದು ಬಗೆಹರಿಸಲು ಹೋಗಬಾರದು. ಅಲ್ಲಿಯ ಜನಕ್ಕೆ ಎರಡೂ ಒಂದೇ ಡಬ್ಬಿಯಲ್ಲಿರುತ್ತವೆ. ಮಾರ್ಲೂಸ್ ಗೋಡೆಯ ಮೇಲಿನ ಸರದಿ ಪಟ್ಟಿ ಹಿಡಿದು ಮೂರು ದಿನ ಫೋನ್ ಮಾಡಿದಳು. ಅವಳ ಫೋಟೋದ ಕೆಳಗೆ ನಿಂತು ಎಷ್ಟೋ ಸಂಜೆ ಬಿಯರ್ ಕುಡಿದ ಜನವೇ ಅವರೆಲ್ಲ. ಒಬ್ಬಳಿಗೆ ಬೆಕ್ಕಿನ ಇಂಜೆಕ್ಷನ್ ಇತ್ತು, ಒಬ್ಬನಿಗೆ ಕಿಟಕಿ ಒರೆಸುವವನು ಬರುವ ದಿನ. ಅಂಚೆ ಕಚೇರಿಯಿಂದ ನಿವೃತ್ತನಾದ ಹಾರ್ಮ್ ಎಂಬಾತ ಗುರುವಾರ ತನಗೆ ಬಿಡುವಿದೆ, ಆದರೆ ನಿಲ್ಲಲು ಮನಸ್ಸಿಲ್ಲ ಎಂದು ತಿಳಿಸಿದ. ಎಷ್ಟು ನೇರ ನುಡಿ! ಮಾರ್ಲೂಸ್‌ಗೆ ಜೀವಮಾನದಲ್ಲಿ ಮೊದಲ ಬಾರಿ ಅದು ಕಹಿಯಾಯಿತು.

ಗುರುವಾರ ಎಂಟು ಗಂಟೆಗೇ ಅವಳು ಕ್ಯಾಂಟೀನಿಗೆ ಬಂದು ಕಿಟಕಿಯ ಪಕ್ಕದ ಮೇಜಿನಲ್ಲಿ ಕೂತಳು. ಟೂರ್ನಿಯ ಊರಿಗೆ ಎರಡು ತಾಸಿನ ದಾರಿ, ಒಂಬತ್ತಕ್ಕಾದರೂ ಹೊರಡಬೇಕು. ಕೊನೆಯ ಗಳಿಗೆಯಲ್ಲಿ ಯಾಂಟಿನ್ ಮನಸ್ಸು ಕರಗುತ್ತದೆ ಎಂದುಕೊಂಡಿದ್ದಳು. ಯಾಂಟಿನ್ ಲೋಟ ಒರೆಸಿದಳು, ಯಂತ್ರಕ್ಕೆ ಕಾಫಿ ಬೀಜ ತುಂಬಿಸಿದಳು, ಒಂಬತ್ತಾಯಿತು. ಒಂಬತ್ತೂಕಾಲಾಯಿತು. ಮಾರ್ಲೂಸ್ ಕಾರಿನ ಕೀಲಿಯನ್ನು ಮೇಜಿನಿಂದ ತೆಗೆದು ಜೇಬಿಗೆ ಹಾಕಿಕೊಂಡಳು. ಹದಿನಾರು ವರ್ಷದ ಆಟ ಅಲ್ಲಿಗೆ ಮುಗಿಯಿತು. ಅದನ್ನು ನೋಡಲು ಬೆಕ್ಕಿಗೆ ಇಂಜೆಕ್ಷನ್ ಕೊಡಿಸಲು ಹೋದವಳೂ ಇರಲಿಲ್ಲ.

ಒಂಬತ್ತೂವರೆಗೆ ಗುರುವಾರದ ಮುದುಕಿಯರು ಬಂದರು. ಮೂವತ್ತೊಂದು ವರ್ಷದಿಂದ ಗುರುವಾರ ಬೆಳಿಗ್ಗೆ ಒಂದೇ ಅಂಗಳದಲ್ಲಿ, ಒಂದೇ ಜೋಡಿಯಲ್ಲಿ ಆಡುವ ನಾಲ್ವರು. ಈ ದಿನ ಮೂವರೇ ಇದ್ದರು. ಟ್ರೂಸ್ ಎಂಬಾಕೆಯ ಜೊತೆಗಾತಿ ರೀತ್ ಬಂದಿರಲಿಲ್ಲ. ಮಂಡಿಗೆ ಪಟ್ಟಿ ಸುತ್ತಿಕೊಂಡ ಟ್ರೂಸ್ ಕೌಂಟರಿಗೆ ಬಂದು ರೀತ್ ಫೋನ್ ಏನಾದರೂ ಮಾಡಿದ್ದಳೇ ಎಂದು ವಿಚಾರಿಸಿದಳು. ಇಲ್ಲವೆಂದು ಹೇಳಿದ ಯಾಂಟಿನ್ ಕಿಟಕಿಯ ಮೇಜಿನತ್ತ ಗದ್ದದಲ್ಲೇ ಸನ್ನೆ ಮಾಡಿದಳು. ಮಾರ್ಲೂಸ್‌ಗೆ ಈಗ ಬಿಡುವಿದೆ, ನಾಲ್ಕನೆಯವಳಾಗಿ ಬೇಕಾದರೆ ಕರೆದುಕೊಳ್ಳಿ ಎಂದಳು.

ಮಾರ್ಲೂಸ್ ಅರ್ಧ ಎದ್ದೇಬಿಟ್ಟಿದ್ದಳು. ಮುದುಕಿಯರ ಜೊತೆ ಆಡುವುದೇ ಎಂದು ಅವಳು ಮೂಗು ಮುರಿದಳು, ಆದರೆ ಕಾಲು ಆಗಲೇ ನೆಲಕ್ಕೆ ಊರಿತ್ತು. ಟ್ರೂಸ್ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಬೇಡಮ್ಮ," ಎಂದಳು. "ನೀನು ಚೆನ್ನಾಗಿ ಆಡ್ತೀಯ, ಗೊತ್ತು. ಆದ್ರೆ ನಿನ್ನ ಜೊತೆ ಆಡಿದವರು ಯಾರೂ ಉಳಿಯಲ್ವಂತೆ. ನನಗೆ ಎಪ್ಪತ್ತೊಂದಾಯ್ತು, ಮತ್ತೊಬ್ಬಳನ್ನ ಹುಡುಕ್ತಾ ಕೂರೋಕೆ ಪುರುಸೊತ್ತಿಲ್ಲ."

ಮೂವರೂ ಅಂಗಳಕ್ಕಿಳಿದರು. ರೀತ್ ಬರಲೇ ಇಲ್ಲ. ಆ ಕಡೆ ಇಬ್ಬರು, ಈ ಕಡೆ ಟ್ರೂಸ್ ಒಬ್ಬಳೇ. ಅವಳು ತನ್ನ ಅರ್ಧದಲ್ಲಿ ಮಾತ್ರ ನಿಂತು ಆಡಿದಳು. ಇನ್ನರ್ಧಕ್ಕೆ ಬಂದ ಚೆಂಡು ಎಷ್ಟೇ ಹತ್ತಿರ ಬಿದ್ದರೂ ಕೈ ಚಾಚಲಿಲ್ಲ. ಅದು ರೀತಳದು ಎಂದು ಹೇಳಿ ಹೋಗಲು ಬಿಟ್ಟಳು. ಮಾರ್ಲೂಸ್ ಕಿಟಕಿಯಲ್ಲಿ ಕೂತು ಎರಡು ಸೆಟ್ ಪೂರ್ತಿ ನೋಡಿದಳು. ಟ್ರೂಸ್ ಎರಡನ್ನೂ ಸೋತಳು, ನಾವು ಸೋತೆವು ಎಂದು ಹೇಳುತ್ತಾ ಬಲೆ ಎಳೆಯಲು ಹೋದಳು.