ಮುನಿಆಂಜನಪ್ಪ ಮೇಷ್ಟ್ರ ಕೈವಾರ

ಜೀವನ್ ಬಿಮಾ ನಗರದ ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಮುನಿಆಂಜನಪ್ಪ ಒಂದು ವಿಷಯದಲ್ಲಿ ದಯೆಯಿಲ್ಲದ ಮನುಷ್ಯ. ಯಾವುದನ್ನೂ ಆಕಸ್ಮಿಕ ಎಂದು ಬಿಟ್ಟುಬಿಡುವುದಿಲ್ಲ. ಇಂಗ್ಲೆಂಡಿನ ಗೋಧಿ ಹೊಲಗಳಲ್ಲಿ ಯಾರು ಬರೆದರೆಂದು ತಿಳಿಯದಂತೆ ಬೆಳಗಾಗುವುದರೊಳಗೆ ಮೂಡುವ ದೊಡ್ಡ ವೃತ್ತಗಳ ಚಿತ್ರಗಳನ್ನು ಪತ್ರಿಕೆಗಳಿಂದ ಕತ್ತರಿಸಿ ಗೋಡೆಗೆ ಅಂಟಿಸಿದ್ದಾರೆ. ನಮ್ಮ ಬೀದಿಯ ರಂಗೋಲಿಗಳಿಗೂ ಕೈವಾರ ಇಟ್ಟು ಅದೇ ಅಳತೆ ಹುಡುಕುತ್ತಾರೆ. ಹಾಲು ಒಡೆದರೂ ಬಸ್ಸು ತಪ್ಪಿದರೂ, "ಎಲ್ಲಾ ಒಂದಕ್ಕೊಂದು ಸೇರ್ಕೊಂಡಿದೆ ಕಣ್ರೀ" ಎನ್ನುತ್ತಾರೆ. ಎದುರುಮನೆಯ ಲಕ್ಷ್ಮಿದೇವಿಯ ಮಗ ಹಳೇ ಮದ್ರಾಸು ರಸ್ತೆಯಲ್ಲಿ ಲಾರಿಗೆ ಸಿಕ್ಕಿ ಸತ್ತ. ತಿಥಿ ಮುಗಿದ ಮರುದಿನ ಆಕೆ ಬಂದು ಬಾಗಿಲಲ್ಲೇ ನಿಂತು ಕೇಳಿದಳು: "ಅವತ್ತು ಜ್ವರ ಅಂತ ನಾನು ರಂಗೋಲಿ ಹಾಕ್ಲಿಲ್ಲ ಮೇಷ್ಟ್ರೇ. ಅದಕ್ಕೇ ಹೀಗಾಯ್ತಾ?" ಮೇಷ್ಟ್ರು ಎದ್ದರು. "ಇಲ್ಲಮ್ಮಾ, ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ನಾನು ಹೇಳಿದ್ದೆಲ್ಲ ಸುಳ್ಳು" ಎಂದು, ಅವಳ ಕಣ್ಣೆದುರೇ ಗೋಡೆಯ ಚಿತ್ರಗಳನ್ನು ಒಂದೊಂದಾಗಿ ಕೀಳತೊಡಗಿದರು.