ಬೇಕರಿ ಚಾಚಾ ಮತ್ತು ಎರಡು ಕಪ್ ಮೈದಾ

ಗಂಗಾವತಿಯ ನಮ್ಮ ಓಣಿಯಲ್ಲಿದ್ದ ಬೇಕರಿ ಚಾಚಾ, ಯಾವ ಅಳತೆ ಕೇಳಿದರೂ ಮೈದಾ ಹತ್ತಿದ ಕೈ ಒರೆಸಿಕೊಂಡು, "ತೂಗಿ ನೋಡೂಣ್ರಿ" ಅನ್ನುತ್ತಿದ್ದರು.

ಮಗಳ ಹುಟ್ಟುಹಬ್ಬಕ್ಕೆ ಎರಡು ದಿನವಿತ್ತು. ಮೊಬೈಲಿನಲ್ಲಿ ಸಿಕ್ಕ ವಿದೇಶಿ ವಿಧಾನ ನೋಡಿ ನಾನು ಮಾಡಿದ ಕೇಕು ಇಟ್ಟಂಗಿಯಂತಾಗಿತ್ತು. ಅದನ್ನೇ ಒಯ್ದು ಅವರ ಮುಂದಿಟ್ಟೆ. ಚಾಚಾ ಬೆರಳಿನಿಂದ ಒತ್ತಿ ನೋಡಿದರು.

"ಮೈದಾ ಎಷ್ಟು ಹಾಕೀರಿ?"

"ಎರಡು ಕಪ್, ಚಾಚಾ."

"ಹೆಂಗ ತುಂಬಿದ್ರಿ, ತೋರಸ್ರಿ."

ಅಲ್ಲೇ ಇದ್ದ ಅಳತೆಯ ಕಪ್ಪನ್ನು ಮೈದಾ ಚೀಲಕ್ಕೆ ಅದ್ದಿ, ಮೇಲೆ ಗೋಪುರ ಏಳುವಂತೆ ತುಂಬಿದೆ. ಮರಳಿ ಊರಿನ ನನ್ನ ತವರಿನಲ್ಲಿ ಭತ್ತ ಅಳೆಯುವುದೇ ಹಾಗೆ ಎಂದೆ. ಅಂಚಿಗೆ ಸಮ ಮಾಡಿ ಕೊಟ್ಟರೆ ಜಿಪುಣರು ಅನ್ನುತ್ತಾರೆ. "ತೂಗಿ ನೋಡೂಣ್ರಿ" ಎಂದು ಚಾಚಾ ತಕ್ಕಡಿಗೆ ಸುರಿದರು. ನೂರಾ ಎಂಬತ್ತು ಗ್ರಾಂ. ಆಮೇಲೆ ತಾವೇ ಚಮಚದಿಂದ ಸಡಿಲವಾಗಿ ತುಂಬಿ, ಚಾಕುವಿನಿಂದ ಸಮ ಮಾಡಿ ತೂಗಿದರು. ನೂರಾ ಇಪ್ಪತ್ತೈದು.

"ನಿಮ್ಮ ಕೈ ಭಾಳ ದೊಡ್ಡದೈತ್ರಿ ಅಕ್ಕಾರ. ಕೇಕಿಗೆ ಅಷ್ಟು ಧಾರಾಳ ಬ್ಯಾಡ."

ಸಕ್ಕರೆ, ಬೆಣ್ಣೆ, ಹಾಲು ಎಲ್ಲವನ್ನೂ ತೂಗಿ ಗ್ರಾಂನಲ್ಲಿ ಬರೆದುಕೊಟ್ಟರು. ಎರಡನೇ ಕೇಕು ಅರಳೆಯಂತೆ ಉಬ್ಬಿತು. ಹುಟ್ಟುಹಬ್ಬದ ದಿನ ಅವರಿಗೊಂದು ತುಂಡು ಒಯ್ದೆ. ತಿಂದರು, ಹೊಗಳಲಿಲ್ಲ. ಒಲೆಯ ಪಕ್ಕದ ಗೋಡೆಯ ಮೇಲೆ ಅವರ ತಂದೆ ಬಣ್ಣದಲ್ಲಿ ಬರೆದಿದ್ದ ನಾನ್‌ಖಟಾಯಿಯ ಅಳತೆ ಇತ್ತು. ಅದರ ಹತ್ತಿರ ಬೇರೇನನ್ನೂ ಬರೆಯಲು ಚಾಚಾ ಯಾರಿಗೂ ಬಿಟ್ಟವರಲ್ಲ. ಅವತ್ತು ತಾವೇ ಸೀಮೆಸುಣ್ಣ ಹಿಡಿದು, ಅದರ ಕೆಳಗೆ ನನ್ನ ಕೇಕಿನ ಗ್ರಾಂಗಳನ್ನೆಲ್ಲ ಬರೆದರು. ಮೇಲೊಂದು ಹೆಸರನ್ನೂ ಇಟ್ಟರು: ಮರಳಿ ಅಕ್ಕಾರ ಕೇಕು.