ಆರು ಬಾಂಟು ಹುಡುಗಿಯರು

ಎಂಬತ್ತರ ದಶಕದ ಕೊನೆ. ನಾವು ಅಮೆರಿಕದ ಪಿಸ್ಕಾಟವೇಗೆ ಬಂದು ಎರಡು ವರ್ಷವಾಗಿತ್ತು. ಯಾವ ಕಾಲದಲ್ಲೋ ಮೈಸೂರಿನಲ್ಲಿ ಪಾಸು ಮಾಡಿದ್ದ ಟೈಪಿಂಗ್ ಪರೀಕ್ಷೆ ಆಗ ಉಪಯೋಗಕ್ಕೆ ಬಂದು, ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ನನಗೆ ಪಾರ್ಟ್ ಟೈಮ್ ಕೆಲಸ ಸಿಕ್ಕಿತು. ಕೂರಿಸಿದ್ದು ಮಾತ್ರ ಬೇಸ್‌ಮೆಂಟಿನಲ್ಲಿ. ದಕ್ಷಿಣ ಆಫ್ರಿಕಾದಲ್ಲಿ ಬಹಳ ಕಾಲ ಇದ್ದ ಬಿಳಿಯ ಫೋಟೋಗ್ರಾಫರನೊಬ್ಬ ತೀರಿಕೊಂಡಿದ್ದ. ಅವನ ಮನೆಯವರು ಪೆಟ್ಟಿಗೆಗಟ್ಟಲೆ ಚಿತ್ರಗಳನ್ನು ಲೈಬ್ರರಿಗೆ ಕೊಟ್ಟಿದ್ದರು. ಪ್ರತಿ ಚಿತ್ರದ ಹಿಂದೆ ಅವನು ಬರೆದದ್ದನ್ನು ಕಾರ್ಡಿನ ಮೇಲೆ ಟೈಪ್ ಮಾಡುವುದು ನನ್ನ ಪಾಲಿಗೆ ಬಂದ ಕೆಲಸ.

ಬರೆದದ್ದೆಲ್ಲ ಒಂದೇ ಧಾಟಿ. ಬಾಂಟು ಮುದುಕ. ಬಾಂಟು ತಾಯಿ ಮತ್ತು ಮಗು. ನೀರು ಹೊರುತ್ತಿರುವ ಬಾಂಟು. ಆ ಮಹಾರಾಯನ ಕುದುರೆಗೆ ಹೆಸರಿತ್ತು, ನಾಯಿಗೆ ಹೆಸರಿತ್ತು, ಮನುಷ್ಯರಿಗೆ ಮಾತ್ರ ಇರಲಿಲ್ಲ. ಬಾಂಟು ಅಂದರೆ ಯಾವುದೋ ಒಂದು ಜಾತಿ ಇರಬೇಕು ಎಂದು ನಾನು ಅಂದುಕೊಂಡೆ. ನಮ್ಮವರಿಗೆ ಎಲ್ಲಿ ಹೋದರೂ ಮೊದಲು ಹೊಳೆಯುವುದು ಅದೇ. ಮೇಲ್ವಿಚಾರಕಿಯನ್ನು ಕೇಳಿದ್ದಕ್ಕೆ, “ಅವರು ಬರೆದಿದ್ದನ್ನು ಬರೆದ ಹಾಗೇ ಟೈಪ್ ಮಾಡು. ಒಂದು ಅಕ್ಷರ ಬದಲಾಗಕೂಡದು” ಎಂದಳು.

ಜನವರಿಯಲ್ಲಿ ಆ ಚಿತ್ರ ಕೈಗೆ ಬಂತು. ಹಿಂದೆ ‘ಆರು ಬಾಂಟು ಹುಡುಗಿಯರು’ ಎಂದಿತ್ತು. ಸ್ಕೂಲಿನ ಗೋಡೆಯ ಮುಂದೆ ಸಾಲಾಗಿ ನಿಂತ ಹುಡುಗಿಯರು. ಎಣಿಸಿದೆ, ಏಳು. ಮತ್ತೆ ಎಣಿಸಿದೆ, ಏಳೇ. ಆರು ಜನ ಸಮವಸ್ತ್ರದಲ್ಲಿದ್ದರು. ಅವರ ಹಿಂದೆ, ಗೋಡೆಗೆ ಅಂಟಿಕೊಂಡ ಹಾಗೆ, ಅವರಿಗಿಂತ ಎತ್ತರದವಳೊಬ್ಬಳು. ಅವಳಿಗೆ ಎರಡು ಮುಖ. ಒಂದು ನೇರ ನನ್ನನ್ನೇ ನೋಡುತ್ತಿತ್ತು, ಇನ್ನೊಂದು ಹೊಗೆಯ ಹಾಗೆ ಪಕ್ಕಕ್ಕೆ ಹರಿದಿತ್ತು. ಸಾಲಿನ ಕೊನೆಯಲ್ಲಿದ್ದ ಚಿಕ್ಕ ಹುಡುಗಿಯ ಬಾಯಿ ಅರೆ ತೆರೆದಿತ್ತು. ಕಿವಿಗೊಟ್ಟರೆ ಕೇಳಿಸೀತು ಎನ್ನಿಸುವಷ್ಟು.

ಮನೆಗೆ ಬಂದು ಯಜಮಾನರಿಗೆ ಹೇಳಿದೆ. ಟೆಲಿಕಾಂ ಎಂಜಿನಿಯರು, ಅವರಿಗೆ ಎಲ್ಲದಕ್ಕೂ ಉತ್ತರ ಇರುತ್ತಿತ್ತು.

“ಶಟರ್ ಬೀಳೋವಾಗ ತಲೆ ತಿರುಗಿಸಿರ್ತಾಳೆ ಕಣೇ. ಸಿಂಪಲ್.”

“ಸರಿ, ಎಣಿಸೋವಾಗ ಯಾಕೆ ಬಿಟ್ಟ?”

“ಅದನ್ನ ಅವನ್ನೇ ಕೇಳ್ಬೇಕು,” ಎಂದು ಪೇಪರ್ ಎತ್ತಿಕೊಂಡರು.

ಆ ಚಿತ್ರವನ್ನು ಪೆಟ್ಟಿಗೆಯ ತಳಕ್ಕೆ ಇಟ್ಟೆ. ಮರುದಿನ ನೋಡಿದರೆ ಎಲ್ಲದರ ಮೇಲಿತ್ತು. ನಾನೇ ಮರೆತು ಮೇಲಿಟ್ಟಿರಬೇಕು ಎಂದು ಸಮಾಧಾನ ಹೇಳಿಕೊಂಡೆ. ಮತ್ತೆ ತಳಕ್ಕೆ ಸೇರಿಸಿದೆ. ಮಧ್ಯಾಹ್ನದ ಹೊತ್ತು ಬೇಸ್‌ಮೆಂಟಿನ ಕಿರುಗಿಟಕಿಯಲ್ಲಿ ಕೊಳೆಯಾದ ಹಿಮ, ಯಾರ್ಯಾರದೋ ಬೂಟುಗಳು ಮಾತ್ರ ಕಾಣುತ್ತಿದ್ದವು. ಹೀಟರ್ ಗುಂಯ್ ಎನ್ನುತ್ತಿತ್ತು. ಅದರೊಳಗೆ ಯಾರೋ ಯಾರನ್ನೋ ಕರೆದ ಹಾಗೆ ಕೇಳಿಸುತ್ತಿತ್ತು. ನಾನು ಅಂಜುಬುರುಕಿಯಲ್ಲ. ಆದರೂ ಆ ವಾರವೆಲ್ಲ ಪೆಟ್ಟಿಗೆಗೆ ಬೆನ್ನು ಮಾಡಿ ಕೂರಲು ನನ್ನಿಂದ ಆಗಲಿಲ್ಲ. ಎಣಿಕೆಗೆ ಸಿಗದವಳು ಬದುಕಿದ್ದವಳಲ್ಲ ಎಂದು ಒಳಗೊಳಗೇ ತೀರ್ಮಾನಿಸಿಬಿಟ್ಟಿದ್ದೆ.

ಶುಕ್ರವಾರ ಪೂಜೆಗೆಂದು ಸೂಪರ್ ಮಾರ್ಕೆಟ್ಟಿನಿಂದ ತಂದಿದ್ದ ಸೇವಂತಿಗೆಯಲ್ಲಿ ಒಂದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಹೋದೆ. ಚಿತ್ರವನ್ನು ಟೈಪ್‌ರೈಟರಿಗೆ ಒರಗಿಸಿ, ಏಳನೆಯವಳ ಕೆಳಗೆ ಹೂವಿಟ್ಟು, ಸುಮ್ಮನಿರಮ್ಮ ಎಂದು ಕೈಮುಗಿದೆ. ಚಿಕ್ಕವಳಿದ್ದಾಗ ಸೋದರಮಾವನ ಫೋಟೋಕ್ಕೆ ಹೂ ಮುಡಿಸಿ ಅಮ್ಮನಿಂದ ಕೆನ್ನೆಗೆ ಏಟು ತಿಂದಿದ್ದೆ. “ಬದುಕಿರೋರ ಫೋಟೋಗೆ ಹೂವೇನೇ, ಅನಿಷ್ಟ!” ಎಂದಿದ್ದರು. ಸತ್ತವರಿಗೆ ಇಡಬಹುದು, ಇಡಲೇಬೇಕು. ಹೂವಿಟ್ಟ ಮೇಲೆ ಭಯ ಇಳಿಯಿತು ಅನ್ನುವುದೂ ನಿಜ.

ಅದೇ ಮಧ್ಯಾಹ್ನ ಮೆಟ್ಟಿಲಿಳಿದು ಒಬ್ಬಾಕೆ ಬಂದಳು. ನಲವತ್ತರ ಆಸುಪಾಸು, ದಪ್ಪ ಕೋಟು. ದಕ್ಷಿಣ ಆಫ್ರಿಕಾದಿಂದ ದೇಶ ಬಿಟ್ಟು ಬಂದವಳು, ವಿಶ್ವವಿದ್ಯಾಲಯದಲ್ಲಿ ತನ್ನ ಭಾಷೆ ಕಲಿಸುತ್ತಿದ್ದಳು. ತಾನು ಓದಿದ ಸ್ಕೂಲಿಗೆ ಈ ಫೋಟೋಗ್ರಾಫರ್ ಒಮ್ಮೆ ಬಂದಿದ್ದನಂತೆ. ಅವನ ಪೆಟ್ಟಿಗೆಗಳು ಬಂದಿವೆ ಎಂದು ಕೇಳಿ ಹುಡುಕಿಕೊಂಡು ಬಂದಿದ್ದಳು. ಮಾತು ಮುಗಿಯುವ ಮೊದಲೇ ಆಕೆಯ ಕಣ್ಣು ಟೈಪ್‌ರೈಟರಿನ ಮೇಲೆ ಬಿತ್ತು. ಮುಖದ ಕಳೆ ಇಳಿದುಹೋಯಿತು.

“ಈ ಹೂವು ಯಾಕೆ?”

ನಮ್ಮಲ್ಲಿ ತೀರಿಕೊಂಡವರಿಗೆ ಇಡುತ್ತೇವೆ ಎಂದೆ.

“ತೀರಿಕೊಂಡಳು ಅಂತ ನಿಮಗೆ ಯಾರು ಹೇಳಿದರು? ನಿಮಗೇನು ಗೊತ್ತು?” ಆಕೆ ನನ್ನ ತೋಳು ಹಿಡಿದುಕೊಂಡಳು. “ಅವಳು ನನ್ನ ಅಕ್ಕ.”

ಯಾರೂ ಹೇಳಿಲ್ಲ, ಹೆದರಿಕೆಗೆ ಇಟ್ಟೆ ಎಂದು ಒಪ್ಪಿಕೊಂಡೆ. ಅಷ್ಟು ನಾಚಿಕೆ ಜನ್ಮದಲ್ಲಿ ಆಗಿರಲಿಲ್ಲ.

ಆಕೆ ಕುಳಿತು ನಿಧಾನವಾಗಿ ಹೇಳಿದಳು. ಆ ಅಕ್ಕ ಸ್ಕೂಲಿನವಳಲ್ಲ, ತಂಗಿಗೆ ಊಟ ತಂದಿದ್ದಳು. ಮುಂದಿನ ವರ್ಷ ಮನೆಗೆಲಸಕ್ಕೆಂದು ಪಟ್ಟಣಕ್ಕೆ ಹೋದವಳು ತಿರುಗಿ ಬರಲಿಲ್ಲ. ಅಮ್ಮ ಕಚೇರಿಯಿಂದ ಕಚೇರಿಗೆ ಅಲೆದರು. ಬಾಗಿಲ ಮೇಲೆಲ್ಲ ಬಾಂಟು ಎಂದೇ ಬರೆದಿರುತ್ತಿತ್ತು. ಕೊನೆಗೆ ಒಬ್ಬ ಗುಮಾಸ್ತ ಪುಸ್ತಕ ಮುಚ್ಚಿ, “ಆ ಹೆಸರಿನ ಬಾಂಟು ಯಾರೂ ಇಲ್ಲ” ಎಂದನಂತೆ.

“ಅದು ನಮ್ಮದೇ ಮಾತು,” ಎಂದಳು ಆಕೆ. “ಅಬಾಂಟು ಅಂದರೆ ಜನ. ಅಷ್ಟೇ. ನಾವಿಬ್ಬರೂ ಅಬಾಂಟು, ಮೇಲೆ ಓಡಾಡುತ್ತಿರುವವರೂ ಅಬಾಂಟು. ನೂರಾರು ಭಾಷೆಗಳಲ್ಲಿ ಹೆಚ್ಚುಕಮ್ಮಿ ಇದೇ ಮಾತು ಇದೆ, ಅದಕ್ಕೇ ಪಂಡಿತರು ಆ ಭಾಷೆಗಳಿಗೆಲ್ಲ ಬಾಂಟು ಅಂತ ಹೆಸರಿಟ್ಟರು. ಕ್ಲಾಸಿನಲ್ಲಿ ನಾನೂ ಹೇಳುತ್ತೇನೆ. ಆದರೆ ಸರ್ಕಾರ ಅದನ್ನು ನಮ್ಮ ಹಣೆಗೆ ಅಂಟಿಸಿತು. ಬಾಂಟು ಶಾಲೆ, ಬಾಂಟು ಕಚೇರಿ. ಈಗ ಯಾರನ್ನಾದರೂ ಹಾಗೆ ಕರೆದರೆ ಬೈಗುಳ.”

ನಾನು ಟೈಪ್ ಮಾಡಿಟ್ಟಿದ್ದ ಕಾರ್ಡುಗಳ ಕಟ್ಟನ್ನು ನೋಡಿದೆ. ಜನ ಮುದುಕ. ನೀರು ಹೊರುತ್ತಿರುವ ಜನ. ಆರು ಜನ ಹುಡುಗಿಯರು, ಏಳನೆಯವಳು ಜನವೂ ಅಲ್ಲ. ಇಷ್ಟು ದಿನ ಹೆದರಬೇಕಾದದ್ದು ಯಾವುದಕ್ಕೆ ಎಂದು ಆಗ ತಿಳಿಯಿತು.

ಆಕೆ ಹೂವನ್ನೆತ್ತಿ ನನ್ನ ಅಂಗೈಯಲ್ಲಿಟ್ಟಳು. “ಇನ್ನೂ ಬೇಡ. ಅಮ್ಮ ಕಾಯುತ್ತಿದ್ದಾರೆ.”

ನಾನು ಹೊಸ ಕಾರ್ಡು ಸಿಕ್ಕಿಸಿದೆ. ಒಂದು ಅಕ್ಷರ ಬದಲಾಗಕೂಡದು ಎಂದಿದ್ದು ನೆನಪಿತ್ತು. ಕೆಲಸ ಹೋದರೆ ಹೋಗಲಿ ಎನಿಸಿತು. ‘ಏಳು ಹುಡುಗಿಯರು’ ಎಂದು ಟೈಪ್ ಮಾಡಿದೆ. ಆಕೆ ಸಾಲಾಗಿ ಹೆಸರು ಹೇಳುತ್ತ ಬಂದಳು. ಕೊನೆಯಲ್ಲಿದ್ದ, ಬಾಯಿ ತೆರೆದ ಚಿಕ್ಕ ಹುಡುಗಿಯ ಹತ್ತಿರ ಬಂದಾಗ ಹೇಳಿದ್ದು ತನ್ನದೇ ಹೆಸರು.

“ಏನೋ ಹೇಳುತ್ತಿದ್ದೀರಲ್ಲ ಇಲ್ಲಿ?” ಎಂದೆ.

“ಅವಳೂ ನಮ್ಮ ಜೊತೆ ನಿಲ್ಲಲಿ ಅಂತ ಕೂಗುತ್ತಿದ್ದೆ. ಅದಕ್ಕೇ ಅವಳು ತಿರುಗಿದ್ದು.”

ಆಮೇಲೆ ಏಳನೆಯ ಹೆಸರನ್ನು ಹೇಳಿದಳು. ಕೇಳಿದವಳೇ ನಾನು ತಟ್ಟನೆ ಹೀಟರಿನ ಕಡೆ ನೋಡಿದೆ. ವಾರವೆಲ್ಲ ಅದರೊಳಗಿಂದ ಕೇಳಿಸುತ್ತಿದ್ದದ್ದು ಅದೇ ಹೆಸರು.